ನಾಯಿಗಳ ಶೆಲ್ಟರ್ ನಡೆಸುವುದು ಹೇಗೆ: ಗೇಟಿನಿಂದ ಹೊಸ ಮನೆಯವರೆಗೆ

ಬೆಳಿಗ್ಗೆ ಐದೂವರೆಗೆ ಗೇಟ್ ತೆಗೆಯುವ ಮುಂಚೆ ಟಾರ್ಚ್ ಹಿಡಿದು ಹೊರಗೊಮ್ಮೆ ನೋಡುವುದು ನಮ್ಮಲ್ಲಿ ಅಭ್ಯಾಸ. ರಾತ್ರಿ ಯಾರಾದರೂ ಏನಾದರೂ ಬಿಟ್ಟು ಹೋಗಿರುತ್ತಾರೆ. ಒಂದು ದಿನ ರಟ್ಟಿನ ಡಬ್ಬದಲ್ಲಿ ಐದು ಮರಿ, ಐದೂ ಹೆಣ್ಣು. ಇನ್ನೊಂದು ದಿನ ಗೇಟಿನ ಸರಳಿಗೇ ಕಟ್ಟಿದ ವಯಸ್ಸಾದ ಲ್ಯಾಬ್ರಡಾರ್. ಕುತ್ತಿಗೆಗೆ ಒಳ್ಳೆಯ ಬೆಲ್ಟ್ ಇತ್ತು, ಹಿಂದಿನ ಕಾಲು ಮಾತ್ರ ಏಳುತ್ತಿರಲಿಲ್ಲ. ಕತ್ತಲಲ್ಲಿ ಗೇಟ್ ತಳ್ಳಿದರೆ ಡಬ್ಬ ಗೇಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಟಾರ್ಚ್.

ತುಮಕೂರಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟಗಳ ನಡುವೆ ಅರ್ಧ ಎಕರೆಯಲ್ಲಿ ನಮ್ಮ ಶೆಲ್ಟರ್ ಇದೆ. ಐವತ್ತು ನಾಯಿಗೆ ಜಾಗ. ಶುರುವಾಗಿ ಎಂಟು ವರ್ಷ ಆಯಿತು. ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ, "ನಾವೂ ಒಂದು ಶೆಲ್ಟರ್ ಮಾಡಬೇಕು ಅಂತಿದ್ದೀವಿ, ಏನೇನು ಬೇಕು ಹೇಳಿ" ಅಂತ ಕೇಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಎಷ್ಟು ನಾಯಿ ಒಳಗೆ ಬಂದವು ಅನ್ನುವ ಲೆಕ್ಕ ಎಲ್ಲರೂ ಇಡುತ್ತಾರೆ. ಎಷ್ಟು ಹೊರಗೆ ಹೋದವು ಅನ್ನುವ ಲೆಕ್ಕ ಇಡಿ. ಬರುವ ದಾರಿ ಮಾತ್ರ ಇದ್ದು ಹೋಗುವ ದಾರಿ ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಅದು ಶೆಲ್ಟರ್ ಅಲ್ಲ, ದೊಡ್ಡಿ.

1. ಒಳಗೆ ತರುವ ಮುಂಚೆ, ತರಲೇಬೇಕಾ ಅಂತ ನೋಡಿ

ನಮಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ಮಾತು: "ನಮ್ಮ ಬೀದಿಯಲ್ಲಿ ಎಂಟು ನಾಯಿ ಇವೆ, ಬಂದು ತಗೊಂಡು ಹೋಗಿ." 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳಿದ್ದವು. ಬೆಂಗಳೂರು ಒಂದರಲ್ಲೇ 2023ರ ಸಮೀಕ್ಷೆಯಲ್ಲಿ ಸಿಕ್ಕಿದ್ದು ಸುಮಾರು 2.79 ಲಕ್ಷ. ಇಷ್ಟು ನಾಯಿಗಳನ್ನು ಯಾವ ಶೆಲ್ಟರೂ ಹಿಡಿಸಲಾರದು. ಹಿಡಿಸಬೇಕಾಗಿಯೂ ಇಲ್ಲ. ಬೀದಿಯಲ್ಲೇ ಹುಟ್ಟಿ, ಟೀ ಅಂಗಡಿಯವರ ಬನ್ನು ತಿಂದು, ಕಾರಿನ ಕೆಳಗೆ ಮಲಗಿ ಬೆಳೆದ ಆರೋಗ್ಯದ ನಾಯಿಗೆ ಆ ಬೀದಿಯೇ ಮನೆ. ಅದನ್ನು ತಂದು ಗುರುತಿಲ್ಲದ ಐವತ್ತು ನಾಯಿಗಳ ನಡುವೆ ಬಿಟ್ಟರೆ ಅದು ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ. ಇತ್ತ ಖಾಲಿಯಾದ ಬೀದಿಗೆ ಆಪರೇಷನ್ ಆಗದ ಬೇರೆ ನಾಯಿಗಳು ಬಂದು ಸೇರಿಕೊಳ್ಳುತ್ತವೆ.

ಇಂಥ ನಾಯಿಗೆ ಬೇಕಾಗಿರುವುದು ಸಂತಾನಹರಣ ಆಪರೇಷನ್, ರೇಬಿಸ್ ಲಸಿಕೆ, ಮತ್ತೆ ಅದೇ ಜಾಗಕ್ಕೆ ವಾಪಸ್. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ ಮಾಡಿದ 2023ರ ಎಬಿಸಿ ನಿಯಮಗಳು ಹೇಳುವುದೂ ಇದನ್ನೇ. ಆದರೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡಬಾರದು, ಶೆಲ್ಟರ್‌ಗೆ ಸೇರಿಸಬೇಕು ಎಂದು ಹೇಳಿತು. ಹಾಗಾಗಿ ಸ್ಥಳೀಯ ಸಂಸ್ಥೆಯವರು ನಿಮ್ಮ ಗೇಟಿಗೂ ಬರಬಹುದು. ಎಷ್ಟು ನಾಯಿ, ಎಷ್ಟು ದಿನ, ಊಟಕ್ಕೆ ಔಷಧಿಗೆ ಯಾರ ದುಡ್ಡು ಅನ್ನುವುದು ಕಾಗದದಲ್ಲಿ ಬರುವ ತನಕ ಒಂದು ನಾಯಿಯನ್ನೂ ಇಳಿಸಿಕೊಳ್ಳಬೇಡಿ. ಕೋರ್ಟಿನ ಆದೇಶಗಳು ಬದಲಾಗುತ್ತಾ ಇರುತ್ತವೆ. ಗೊತ್ತಿರುವ ಒಬ್ಬ ವಕೀಲರನ್ನು ಜೊತೆಗಿಟ್ಟುಕೊಳ್ಳಿ.

ಹಾಗಾದರೆ ಯಾರನ್ನು ಒಳಗೆ ತರಬೇಕು? ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದವು, ತಾಯಿ ಇಲ್ಲದ ಮರಿಗಳು, ಕಣ್ಣು ಹೋದವು, ಸೊಂಟ ಮುರಿದವು. ತಾಯಿ ಜೊತೆ ಸುರಕ್ಷಿತ ಜಾಗದಲ್ಲಿರುವ ಮರಿಗಳನ್ನು ಮುಟ್ಟಬೇಡಿ. ಕನಿಷ್ಠ ಎಂಟು ವಾರ ಅವು ತಾಯಿ ಹತ್ತಿರವೇ ಇರಬೇಕು. ತಾಯಿಗೆ ಊಟ ಕೊಡಿ, ಮೇಲೊಂದು ತಗಡು ಹಾಕಿಸಿ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಆಪರೇಷನ್ ಮಾಡಿಸಿ.

2. ಒಂದು ಸಂಖ್ಯೆ ಗೋಡೆ ಮೇಲೆ ಬರೆಯಿರಿ

ನಮ್ಮ ಆಫೀಸ್ ಕೋಣೆಯ ಗೋಡೆ ಮೇಲೆ 50 ಅಂತ ಬಣ್ಣದಲ್ಲಿ ಬರೆದಿದೆ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಅವತ್ತಿನ ಲೆಕ್ಕ. ಜಾಗ ಇದೆ ಅನ್ನುವುದನ್ನಷ್ಟೇ ನೋಡಿ ಈ ಸಂಖ್ಯೆ ಇಟ್ಟಿಲ್ಲ. ನೀರು ಎಷ್ಟಿದೆ, ಕೈಗಳು ಎಷ್ಟಿವೆ, ತಿಂಗಳ ಕೊನೆಯ ವಾರ ಎಷ್ಟು ದುಡ್ಡು ಉಳಿಯುತ್ತದೆ, ಎಲ್ಲ ಸೇರಿಸಿ ಇಟ್ಟ ಸಂಖ್ಯೆ ಇದು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ತರಿಸುವ ಕಾಲಕ್ಕೆ ಆ 50 ನಮ್ಮಲ್ಲಿ 42 ಆಗುತ್ತದೆ.

ತುಂಬಿದ ದಿನ "ಇಲ್ಲ" ಅನ್ನುವುದು ಈ ಕೆಲಸದಲ್ಲೇ ಕಷ್ಟದ ಭಾಗ. ಅತ್ತ ಕಡೆಯವರು ಬೈಯುತ್ತಾರೆ. "ಪ್ರಾಣಿ ದಯೆ ಅಂತೀರಿ, ಒಂದು ನಾಯಿಗೆ ಜಾಗ ಇಲ್ವಾ" ಅಂತಾರೆ. ಸುಮ್ನೆ ಫೋನ್ ಇಟ್ಟುಬಿಡಬೇಡಿ. ಆ ನಾಯಿಯನ್ನು ಹತ್ತು ದಿನ ಅವರೇ ಇಟ್ಟುಕೊಳ್ಳಲು ಏನು ಬೇಕು ಕೇಳಿ. ಔಷಧಿ ಚೀಟಿ, ಒಂದು ಸರಪಳಿ, ಎರಡು ಕೆಜಿ ಆಹಾರ ಕೊಟ್ಟರೆ ಅರ್ಧಕ್ಕರ್ಧ ಜನ ಒಪ್ಪುತ್ತಾರೆ. ಹೆಸರು, ಊರು, ನಾಯಿಯ ಸ್ಥಿತಿ ಬರೆದುಕೊಂಡು ಕಾಯುವ ಪಟ್ಟಿಗೆ ಸೇರಿಸಿ. ಸ್ವಲ್ಪ ದಿನಕ್ಕೆ ನಾಯಿಯನ್ನು ತಮ್ಮ ಮನೆಯಲ್ಲಿಟ್ಟುಕೊಳ್ಳುವ ನಮ್ಮ ಒಳ್ಳೆಯ ಫಾಸ್ಟರ್‌ಗಳಲ್ಲಿ ನಾಲ್ಕು ಮನೆಯವರು ಹೀಗೆ ಬೈಯುತ್ತಲೇ ಶುರು ಮಾಡಿದವರು.

ಗೇಟಿನಲ್ಲಿ ಕಟ್ಟಿ ಹೋಗುವವರಿಗೆ ಮಾತ್ರ ಸುಲಭದ ಉತ್ತರ ಇಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಕಾಯ್ದೆಗೆ ಅರವತ್ತು ವರ್ಷ ದಾಟಿದರೂ ದಂಡ ಇನ್ನೂ ಇಷ್ಟೇ ಇದೆ ಅನ್ನುವುದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಕ್ಯಾಮೆರಾ ಹಾಕಿಸಿ. ಜೊತೆಗೆ "ನಾಯಿ ಸಾಕಲಾಗುತ್ತಿಲ್ಲವೇ? ಹಗಲಲ್ಲೇ ಬನ್ನಿ, ಮಾತಾಡೋಣ" ಅಂತ ಒಂದು ಬೋರ್ಡ್ ಹಾಕಿ. ಹಗಲಲ್ಲಿ ಬಂದವರಿಂದ ನಾಯಿಯ ವಯಸ್ಸು, ಲಸಿಕೆ, ಯಾವುದಕ್ಕೆ ಹೆದರುತ್ತದೆ, ಎಲ್ಲ ಗೊತ್ತಾಗುತ್ತದೆ. ಅಷ್ಟು ಗೊತ್ತಾದರೆ ಅದಕ್ಕೆ ಹೊಸ ಮನೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

3. ಹೊಸಬರಿಗೆ ಬೇರೆ ಕೋಣೆ. ಇದರಲ್ಲಿ ರಾಜಿ ಬೇಡ

ನಾವು ಶುರು ಮಾಡಿದ ಮೊದಲ ವರ್ಷ ಮಳೆಗಾಲದಲ್ಲಿ ಸಂತೆ ಮೈದಾನದಿಂದ ಏಳು ಮರಿ ತಂದೆವು. ಚೆನ್ನಾಗಿ ಕುಣಿಯುತ್ತಿದ್ದವು. ಬೇರೆ ಕೋಣೆ ಇನ್ನೂ ಕಟ್ಟಿರಲಿಲ್ಲ, ಉಳಿದ ಮರಿಗಳ ಜೊತೆಗೇ ಬಿಟ್ಟೆ. ನಾಲ್ಕನೇ ದಿನ ಒಂದು ವಾಂತಿ ಮಾಡಿತು. ಐದನೇ ದಿನ ರಕ್ತ ಬೇಧಿ. ಪಾರ್ವೋ, ಮರಿಗಳ ಕರುಳಿಗೆ ಬಂದು ಬೇಗ ಹರಡುವ ವೈರಸ್ ರೋಗ. ಎರಡು ವಾರದಲ್ಲಿ ಹನ್ನೊಂದು ಮರಿಗಳನ್ನು ತೆಂಗಿನ ಮರಗಳ ಆಚೆ ಮಣ್ಣು ಮಾಡಿದೆವು. ತಪ್ಪು ನನ್ನದು. ಅದಕ್ಕೇ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಾರ್ವೋ ಸಾಮಾನ್ಯವಾಗಿ ಮೂರರಿಂದ ಏಳು ದಿನದಲ್ಲಿ ಹೊರಬೀಳುತ್ತದೆ, ಎರಡು ವಾರದ ತನಕವೂ ಎಳೆಯಬಹುದು. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗ ಕಾಣಿಸುವುದು ಇನ್ನೂ ತಡ. ಕಣ್ಣು ಮೂಗಿನಲ್ಲಿ ಗಟ್ಟಿ ಕೀವು, ಜ್ವರ, ಕೆಮ್ಮು ಮೊದಲು ಬರುತ್ತವೆ. ವಾಸಿಯಾಯಿತು ಅಂದುಕೊಂಡಾಗ ದವಡೆ ಕಟಕಟ ಅನ್ನತೊಡಗುತ್ತದೆ, ಕಾಲು ಅದುರುತ್ತದೆ. ಹಾಗಾಗಿ ಹೊಸ ನಾಯಿ ಕನಿಷ್ಠ 14 ದಿನ ಬೇರೆ ಕೋಣೆಯಲ್ಲಿ ಇರಬೇಕು. ಕೆಮ್ಮು ಅಥವಾ ಕಣ್ಣಲ್ಲಿ ಕೀವು ಕಂಡರೆ ಇನ್ನೂ ಜಾಸ್ತಿ ದಿನ. ಆ ಕೋಣೆಗೆ ಬೇರೆ ಪೊರಕೆ, ಬೇರೆ ಬಕೆಟ್, ಬೇರೆ ತಟ್ಟೆ, ಬೇರೆ ಗಂಬೂಟು. ಎಲ್ಲ ನಾಯಿಗಳ ಕೆಲಸ ಮುಗಿದ ಮೇಲೆ ಕೊನೆಗೆ ಅಲ್ಲಿಗೆ ಹೋಗಬೇಕು. ಅಲ್ಲಿಂದ ಬಂದವರು ಬಟ್ಟೆ ಬದಲಿಸದೆ ಮರಿಗಳ ಹತ್ತಿರ ಹೋಗಬಾರದು. ನೋಡಲು ಬಂದ ಮಕ್ಕಳು "ಅಂಕಲ್, ಒಂದೇ ಸಲ ಎತ್ತಿಕೊಳ್ತೀನಿ" ಅಂದರೂ ಬೇಡ.

ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ಫಿನಾಯಿಲ್ ನಂಬಬೇಡಿ, ಅದಕ್ಕೆ ಈ ವೈರಸ್ ಸಾಯುತ್ತದೆ ಅನ್ನುವ ಭರವಸೆ ಇಲ್ಲ. ಮೊದಲು ಹೇಲು, ಉಚ್ಚೆ, ಕೂದಲು ತೆಗೆದು ಸೋಪಿನ ನೀರಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಬಾಟಲಿಯಲ್ಲಿ ಸಿಗುವ ಬ್ಲೀಚ್ 1 ಪಾಲಿಗೆ 30 ಪಾಲು ನೀರು ಸೇರಿಸಿ ಹರಡಿ. ಹತ್ತು ನಿಮಿಷ ಹಾಗೇ ಬಿಟ್ಟು ತೊಳೆಯಿರಿ, ಚೆನ್ನಾಗಿ ಒಣಗಿಸಿ. ಕೊಳೆ ಇದ್ದ ನೆಲಕ್ಕೆ ಬ್ಲೀಚ್ ಸುರಿದರೆ ದುಡ್ಡು ದಂಡ. ಉಚ್ಚೆ ಇರುವ ಕಡೆ ಸುರಿದರೆ ಏಳುವ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬೇಡಿ. ಮಣ್ಣಿನ ನೆಲವನ್ನು ಹೀಗೆ ಶುದ್ಧ ಮಾಡಲು ಆಗುವುದಿಲ್ಲ, ಅದಕ್ಕೇ ಬೇರೆ ಕೋಣೆಗೆ ಸಿಮೆಂಟ್ ನೆಲವೇ ಬೇಕು.

ಲಸಿಕೆ ಮರಿಗಳಿಗೆ ಆರರಿಂದ ಎಂಟು ವಾರದ ನಡುವೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ರೇಬಿಸ್ ಇಂಜೆಕ್ಷನ್ ಮೂರು ತಿಂಗಳಿಗೆ. ಜಂತುಹುಳುವಿನ ಔಷಧಿ ಎರಡು ವಾರದ ಮರಿಗೇ ಶುರು ಮಾಡಬೇಕು. ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಡಾಕ್ಟರ್ ಹೇಳಿದಷ್ಟೇ ಕೊಡಿ. ಅಂಗಡಿಯವರ ಅಂದಾಜು ಬೇಡ.

4. ಬೆಳಗಿನ ಸುತ್ತು: ತೊಳೆಯುವ ಮುಂಚೆ ನೋಡಿ

ಪೈಪ್ ಹಿಡಿಯುವ ಮುಂಚೆ ಪ್ರತಿ ಗೂಡಿನ ಮುಂದೆ ಅರ್ಧ ನಿಮಿಷ ನಿಲ್ಲಿ. ಯಾರು ಎದ್ದು ಬರಲಿಲ್ಲ? ನಿನ್ನೆಯ ತಟ್ಟೆಯಲ್ಲಿ ಊಟ ಯಾರದ್ದು ಉಳಿದಿದೆ? ಬೇಧಿ ಯಾವ ಬಣ್ಣ? ನೀರು ಬಿಟ್ಟ ಮೇಲೆ ಈ ಸುದ್ದಿಯೆಲ್ಲ ಚರಂಡಿಗೆ ಹೋಗಿಬಿಡುತ್ತದೆ. ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಓದಿದವರಲ್ಲ. ಆದರೆ ಯಾವ ನಾಯಿ ಇವತ್ತು ಬಾಲ ಎಷ್ಟು ಕಡಿಮೆ ಆಡಿಸಿತು ಅನ್ನುವುದನ್ನು ಹೇಳುತ್ತಾರೆ. ಅವರು "ಸರಿ ಇಲ್ಲ" ಅಂದ ನಾಯಿಗೆ ಮಧ್ಯಾಹ್ನದೊಳಗೆ ಜ್ವರ ಬಂದೇ ಬರುತ್ತದೆ. ಅಂಥವರನ್ನು ಕಳೆದುಕೊಳ್ಳಬೇಡಿ. ಸಂಬಳ ತಡ ಮಾಡಬೇಡಿ, ವಾರಕ್ಕೊಂದು ರಜೆ ಕೊಡಿ, ಗಂಬೂಟು, ರೇನ್‌ಕೋಟು ಕೊಡಿಸಿ.

ರಕ್ತ ಹೀರುವ ಉಣ್ಣೆ ಹುಳುವಿನ (ಟಿಕ್) ಬಗ್ಗೆ ಒಂದು ಮಾತು. ನಾಯಿಯ ಮೈಮೇಲಿರುವ ಉಣ್ಣೆ ಕಿತ್ತರೆ ಕೆಲಸ ಮುಗಿಯುವುದಿಲ್ಲ. ಅವು ಗೋಡೆಯ ಬಿರುಕಿನಲ್ಲಿ, ಮಂಚದ ಸಂದಿನಲ್ಲಿ ಮೊಟ್ಟೆ ಇಡುತ್ತವೆ. ಬಿರುಕುಗಳಿಗೆ ಸಿಮೆಂಟ್ ತುಂಬಿಸಿ. ಗೋಣಿಚೀಲ ಹಾಸಿದ್ದರೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಹಳತಾದ್ದನ್ನು ಸುಟ್ಟುಬಿಡಿ. ಊಟ ಬಿಟ್ಟು, ವಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆ ಜ್ವರ ಇರಬಹುದು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಹೆಚ್ಚಿನವು ಬದುಕುತ್ತವೆ.

5. ಊಟ

ನಮ್ಮ ಐವತ್ತು ನಾಯಿಗೆ ದಿನಕ್ಕೆ ಎಂಟು ಕೆಜಿ ನುಚ್ಚಕ್ಕಿ, ಸುಮಾರು ಹತ್ತು ಕೆಜಿ ಕೋಳಿ, ಎರಡು ಕುಂಬಳಕಾಯಿ, ಚಿಟಿಕೆ ಅರಿಶಿನ. ಸೌದೆ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ಬೇಯುತ್ತದೆ. ಕೆಲವು ದಿನ ಅಕ್ಕಿ ಬದಲು ರಾಗಿ. ಕೋಳಿ ಅಂಗಡಿಯವರ ಜೊತೆ ಮೊದಲೇ ಮಾತಾಡಿಕೊಂಡರೆ ಲಿವರ್, ಗಿಜರ್ಡ್, ಚರ್ಮ ಕಡಿಮೆ ಬೆಲೆಗೆ ಕೊಡುತ್ತಾರೆ. ಬೇಯಿಸಿದ ಕಾಲಿನ ಮೂಳೆ ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ, ಅದನ್ನು ಬೇರೆ ಮಾಡಲೇಬೇಕು. ಶ್ರಾವಣ ಮಾಸದಲ್ಲಿ ಕೋಳಿ ಅಂಗಡಿ ವ್ಯಾಪಾರ ಬಿದ್ದು ನಮಗೆ ಸಿಗುವುದೂ ಕಡಿಮೆಯಾಗುತ್ತದೆ. ಆ ತಿಂಗಳಿಗೆ ಮೊಟ್ಟೆ ಮುಂಚೆಯೇ ಹೇಳಿಡಿ.

ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪದವರು ಉಳಿದ ಊಟ ಟೆಂಪೊದಲ್ಲಿ ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಬರೀ ಅನ್ನ, ಚಪಾತಿ ಇದ್ದರೆ ತೆಗೆದುಕೊಳ್ಳಿ. ಈರುಳ್ಳಿ ಹಾಕಿದ ಸಾಂಬಾರು, ಪಲಾವ್ ಬೇಡ, ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ಪಾಯಸ, ಕೇಸರಿಬಾತ್ ಬೇಡವೇ ಬೇಡ, ಅದರಲ್ಲಿರುವ ಒಣದ್ರಾಕ್ಷಿಯಿಂದ ಕಿಡ್ನಿ ಹೋಗಬಹುದು. ವಿಷಯ ಹೇಳಿ, "ಅನ್ನ ಮಾತ್ರ ಬೇರೆ ಪಾತ್ರೆಯಲ್ಲಿ ಕೊಡ್ತೀರಾ" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಊಟ ಹಾಕುವಾಗಲೇ ಜಗಳ ಆಗುವುದು. ಒಂದು ಗೂಡಿನಲ್ಲಿ ಐದಾರಕ್ಕಿಂತ ಜಾಸ್ತಿ ಬೇಡ, ತಟ್ಟೆಗಳ ನಡುವೆ ದೂರ ಇರಲಿ, ಜಗಳಗಂಟರಿಗೆ ಕಟ್ಟಿ ಹಾಕಿ ಊಟ. ಕಚ್ಚಾಟ ಶುರುವಾದರೆ ನಡುವೆ ಕೈ ಹಾಕಬೇಡಿ. ಪೈಪಿನಿಂದ ನೀರು ಬಿಡಿ, ತಟ್ಟೆ ಬಡಿಯಿರಿ. ಬಿಡದಿದ್ದರೆ ಇಬ್ಬರು ಹಿಂದಿನಿಂದ ಒಂದೊಂದರ ಹಿಂಗಾಲು ಹಿಡಿದು ಹಿಂದಕ್ಕೆ ಎಳೆಯಬೇಕು.

6. ನಿಮ್ಮ ಜೀವ ಮೊದಲು ನೋಡಿಕೊಳ್ಳಿ

ಶೆಲ್ಟರ್‌ನಲ್ಲಿ ಕೈ ಹಾಕುವ ಪ್ರತಿಯೊಬ್ಬರಿಗೂ, ಶನಿವಾರ ಮಾತ್ರ ಬರುವ ಕಾಲೇಜು ಹುಡುಗರಿಗೂ, ಮುಂಚೆಯೇ ರೇಬಿಸ್ ಇಂಜೆಕ್ಷನ್ ಆಗಿರಬೇಕು. ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ. ಹೀಗೆ ಹಾಕಿಸಿಕೊಂಡವರಿಗೆ ಕಚ್ಚಿದರೂ ಮತ್ತೆ ಎರಡು ಡೋಸ್ ಬೇಕು, ಕಚ್ಚಿದ ದಿನ ಮತ್ತು ಮೂರನೇ ದಿನ. "ನಮ್ಮ ನಾಯಿ ಪಾಪದ್ದು, ಆಟಕ್ಕೆ ಹಲ್ಲು ತಾಗಿತು" ಅನ್ನುವ ಮಾತು ನಡೆಯಬಾರದು. ಹಲ್ಲು ತಾಗಿ ಗೀರು ಬಿದ್ದರೂ ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ರೇಬಿಸ್ ಬಂದ ನಾಯಿ ಎಲ್ಲ ಸಲವೂ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಸುಮ್ಮನೆ ಮೂಲೆಯಲ್ಲಿ ಕೂರುತ್ತವೆ. ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ಸ್ವರ ಒಡೆದಿರುತ್ತದೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅನಿಸುತ್ತದೆ. ಪಾಪ ಅಂತ ಬಾಯಿಗೆ ಕೈ ಹಾಕುತ್ತಾರೆ. ಯಾವತ್ತೂ ಹಾಕಬೇಡಿ. ಮರಿಗೂ ರೇಬಿಸ್ ಬರುತ್ತದೆ. ಅನುಮಾನ ಬಂದ ನಾಯಿಯನ್ನು ಮುಟ್ಟದೆ ಬೇರೆ ಇರಿಸಿ, ಬಾಗಿಲಿಗೆ ಬೀಗ ಹಾಕಿ, ಪಶುವೈದ್ಯರಿಗೆ ಹೇಳಿ.

ಡಾಕ್ಟರ್ ವಿಷಯದಲ್ಲಿ, ಹತ್ತಿರದಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ದೊಡ್ಡ ಕೇಸಿಗೆ ಇನ್ನೊಂದು ಜಾಗ ಇರಲಿ. ಹೆದ್ದಾರಿಯಲ್ಲಿ ಗುದ್ದಿಸಿಕೊಂಡ ನಾಯಿಗಳ ಮೂಳೆ ಆಪರೇಷನ್‌ಗೆ ನಾವು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುತ್ತೇವೆ. ಹಾಸನ, ಶಿವಮೊಗ್ಗ, ಬೀದರ್ ಕಡೆಯವರಿಗೆ ಅಲ್ಲಲ್ಲೇ ಕಾಲೇಜುಗಳಿವೆ. ಮಳೆಗಾಲದಲ್ಲಿ ಹುಳ ಬಿದ್ದ ಗಾಯಗಳು ದಿನಕ್ಕೆರಡು ಬರುತ್ತವೆ. ಕಿವಿ ಹಿಂದೆ, ಬಾಲದ ಬುಡದಲ್ಲಿ ನೋಡಿ. ಅದಕ್ಕೆ ಬೇಕಾದ ಸ್ಪ್ರೇ, ಮುಲಾಮು ಯಾವಾಗಲೂ ಕಪಾಟಿನಲ್ಲಿರಬೇಕು.

ವಾಸಿಯಾಗದ ನಾಯಿಯ ಬಗ್ಗೆಯೂ ಹೇಳಲೇಬೇಕು. ಡಿಸ್ಟೆಂಪರ್ ತಲೆಗೇರಿ ಎಡೆಬಿಡದೆ ಫಿಟ್ಸ್ ಬರುತ್ತಿರುವ ಮರಿಯನ್ನು ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುವುದು ನಮ್ಮ ಸಮಾಧಾನಕ್ಕೆ, ಅದರ ಸುಖಕ್ಕಲ್ಲ. ಈ ತೀರ್ಮಾನ ಒಬ್ಬರೇ ತೆಗೆದುಕೊಳ್ಳಬೇಡಿ, ಡಾಕ್ಟರ್ ಹೇಳಬೇಕು, ಡಾಕ್ಟರೇ ಮಾಡಬೇಕು, ಕಾರಣ ಪುಸ್ತಕದಲ್ಲಿ ಬರೆಯಬೇಕು. ಆಗ ಅದರ ತಲೆ ನಿಮ್ಮ ತೊಡೆ ಮೇಲಿರಲಿ. ಅವತ್ತು ಸಂಜೆ ಮನೆಗೆ ಬೇಗ ಹೋಗಿ.

7. ದುಡ್ಡು

ಬಿಲ್‌ಗಳನ್ನು ಪ್ರತಿ ಭಾನುವಾರ ಬರೆಯಿರಿ. ತಿಂಗಳ ಕೊನೆಗೆ ಬಂದದ್ದೆಷ್ಟು, ಹೋದದ್ದೆಷ್ಟು ಅನ್ನುವುದನ್ನು ದಾನ ಕೊಟ್ಟವರಿಗೆಲ್ಲ ಕಳಿಸಿ. ಕೇಳದೆಯೇ ಲೆಕ್ಕ ಕೊಟ್ಟರೆ ಎರಡನೇ ಸಲ ಕೇಳುವುದು ಸುಲಭ. ದುಡ್ಡು ಕೊಡಲಾಗದವರಿಂದ ಹಳೆ ಬೆಡ್‌ಶೀಟು, ದಿನಪತ್ರಿಕೆ, ಗೋಣಿಚೀಲ ಕೇಳಿ. ಟ್ರಸ್ಟ್ ನೋಂದಣಿ ಆದ ಮೇಲೆ ಆದಾಯ ತೆರಿಗೆ ಇಲಾಖೆಯಲ್ಲಿ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಕೊಡುವ ನೋಂದಣಿ (1961ರ ಕಾಯ್ದೆಯಲ್ಲಿ 12ಎ), ದಾನ ಕೊಟ್ಟವರಿಗೆ ತೆರಿಗೆ ಕಡಿತ ಕೊಡುವ ನೋಂದಣಿ (ಅದೇ ಕಾಯ್ದೆಯಲ್ಲಿ 80ಜಿ) ಎರಡೂ ಮಾಡಿಸಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಗೂ ಅರ್ಜಿ ಹಾಕಿ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ತೆರಿಗೆ ಕಡಿತ ಸಿಗುವುದಿಲ್ಲ, ಕೊಡುವವರಿಗೆ ಮೊದಲೇ ಹೇಳಿ.

ಅಮೆರಿಕ, ಬ್ರಿಟನ್‌ನಲ್ಲಿರುವ ಕನ್ನಡಿಗರು ಪ್ರೀತಿಯಿಂದ ಕಳಿಸುತ್ತೇವೆ ಅನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಆ ದೇಶದ ಪೌರತ್ವ ಪಡೆದವರು ಕಳಿಸಿದರೆ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ನಾಚಿಕೊಳ್ಳದೆ ಕೇಳಿ ತಿಳಿದುಕೊಳ್ಳಿ.

8. ಮನೆ ಹುಡುಕುವ ಕೆಲಸ ಮೊದಲ ದಿನವೇ ಶುರು

ಹೆಚ್ಚಿನ ಶೆಲ್ಟರ್‌ಗಳು ಸೋಲುವುದು ಇಲ್ಲೇ ಅಂತ ನನ್ನ ಅನಿಸಿಕೆ. ನಾಯಿ ವಾಸಿಯಾಗಿ, ಮೈ ತುಂಬಿಕೊಂಡು, ಆಮೇಲೆ ಫೋಟೋ ತೆಗೆಯೋಣ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ, ಮರಿ ದೊಡ್ಡದಾಗಿರುತ್ತದೆ, ದೊಡ್ಡ ನಾಟಿ ನಾಯಿಯನ್ನು ಕೇಳುವವರು ಕಡಿಮೆ. ಬಂದ ಮೊದಲ ವಾರವೇ ಪುಸ್ತಕದಲ್ಲಿ ಆ ನಾಯಿಗೊಂದು ಪುಟ ತೆರೆಯಿರಿ. ಮಕ್ಕಳ ಜೊತೆ ಹೇಗೆ, ಬೆಕ್ಕು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಬಿಟ್ಟರೆ ಅಳುತ್ತದಾ, ಬೈಕ್ ಸದ್ದಿಗೆ ಹೆದರುತ್ತದಾ. ದಿನಕ್ಕೊಂದು ಸಾಲು ಬರೆದರೆ ಸಾಕು.

ಫೋಟೋವನ್ನು ಗೂಡಿನ ಸರಳಿನ ಹಿಂದೆ ತೆಗೆಯಬೇಡಿ. ಬೆಳಗಿನ ಬಿಸಿಲಲ್ಲಿ, ಮರದ ಕೆಳಗೆ, ನೀವು ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಕಪ್ಪು ನಾಯಿಗೆ ನೇರ ಬಿಸಿಲು ಬೇಡ, ನೆರಳಲ್ಲಿ ಅದರ ಮುಖ ಚೆನ್ನಾಗಿ ಕಾಣುತ್ತದೆ. ಜೊತೆಗೆ ಬರೀ ಗೋಳಿನ ಕಥೆ ಬರೆಯಬೇಡಿ. ಗೋಳು ಓದಿ ದುಡ್ಡು ಕಳಿಸುತ್ತಾರೆ, ಮನೆಗೆ ಕರೆದುಕೊಂಡು ಹೋಗುವುದಿಲ್ಲ. "ಗೌರಿಗೆ ಎರಡು ವರ್ಷ, ಆಪರೇಷನ್ ಆಗಿದೆ, ಅಜ್ಜಿಯರ ಕಾಲ ಬಳಿ ಮಲಗುವುದು ಇಷ್ಟ" ಅಂತ ಬರೆದ ವಾರದಲ್ಲೇ ಗುಬ್ಬಿಯ ಒಬ್ಬ ಅಜ್ಜಿ ಅವಳನ್ನು ಕೇಳಿಕೊಂಡು ಬಂದರು.

ಕೇಳಿ ಬಂದವರ ಜೊತೆ ಕೂತು ಮಾತಾಡಿ. ಪರೀಕ್ಷೆ ಮಾಡುವವರ ಹಾಗೆ ಅಲ್ಲ, ಮನೆಯವರ ಹಾಗೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ? ಮಗ ಹಟ ಮಾಡಿ ತಂದು, ಗುಡಿಸಿ ಒರೆಸುವುದು ಅಮ್ಮನ ಪಾಲಿಗೆ ಬಂದರೆ ಆ ನಾಯಿ ಮೂರು ತಿಂಗಳಲ್ಲಿ ವಾಪಸ್. ಹಾಗಾಗಿ ಅಮ್ಮನ ಹತ್ತಿರವೇ ಮಾತಾಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕಾಗದದಲ್ಲಿ ಬೇಕು. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ಅದರ ಪ್ರತಿ ಒಂದು ಕೊಟ್ಟು ಕಳಿಸಿ.

"ನಮ್ಮ ಮನೇಲಿ ಮೊಟ್ಟೆಯೂ ತರಲ್ಲ" ಅನ್ನುವವರಿಗೆ ನಾನು ಇಲ್ಲ ಅನ್ನುವುದಿಲ್ಲ. ಬರೀ ಮೊಸರನ್ನದಲ್ಲಿ ನಾಯಿ ಬದುಕಲಾರದು, ಡಾಕ್ಟರ್ ಹೇಳಿದ ಪೂರ್ತಿ ಆಹಾರ ತರಬೇಕು ಅಂತ ಹೇಳುತ್ತೇನೆ. ಒಪ್ಪಿದರೆ ಸರಿ.

"ತೋಟ ಕಾಯೋಕೆ ಒಂದು ನಾಯಿ ಬೇಕು" ಅನ್ನುವವರು ನಮ್ಮ ಕಡೆ ತುಂಬ. ಮೊದಲು ಇವರನ್ನೆಲ್ಲ ವಾಪಸ್ ಕಳಿಸುತ್ತಿದ್ದೆ. ಅದು ತಪ್ಪು ಅಂತ ಈಗ ಅನಿಸುತ್ತದೆ. ಮನೆಯವರು ತೋಟದಲ್ಲೇ ವಾಸ ಇದ್ದು, ಹಗಲು ಆಳುಗಳ ಜೊತೆ ಓಡಾಡಿಕೊಂಡು, ರಾತ್ರಿ ಜಗಲಿ ಮೇಲೆ ಮಲಗುವ ನಾಯಿಗಿಂತ ಸುಖದ ನಾಯಿ ಬೇರೆ ಇಲ್ಲ. ಮನೆ ಊರಲ್ಲಿ, ತೋಟ ಎರಡು ಕಿಲೋಮೀಟರ್ ಆಚೆ, ಪಂಪ್‌ಸೆಟ್ ಮನೆಗೆ ಸರಪಳಿ ಹಾಕಿ ಕಟ್ಟಿ ದಿನಕ್ಕೊಮ್ಮೆ ಊಟ ಇಟ್ಟು ಬರುತ್ತಾರಾದರೆ ಕೊಡಬೇಡಿ. ಅಲ್ಲಿ ಚಿರತೆ ಬಂದರೆ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ಒಂದು ಸಲ ಹೋಗಿ ನೋಡಿ ಬಂದರೆ ಎಲ್ಲ ತಿಳಿಯುತ್ತದೆ.

ಕೊಡುವ ಮುಂಚೆ ಆಪರೇಷನ್ ಮಾಡಿಸಿಯೇ ಕೊಡಿ. ತೀರ ಸಣ್ಣ ಮರಿಯಾದರೆ ಯಾವ ತಿಂಗಳು ಮಾಡಿಸಬೇಕು ಅಂತ ಬರೆಸಿಕೊಳ್ಳಿ. ಗುರುತಿನ ಚೀಟಿಯ ಪ್ರತಿ, ಇಬ್ಬರ ಫೋನ್ ನಂಬರ್, "ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ನಮಗೇ ವಾಪಸ್" ಅನ್ನುವ ಸಾಲು ಇರಲಿ. ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆ ಅಂತ ಕೇಳಿದರೆ ಕೊಡಬೇಡಿ. ದೀಪಾವಳಿಯ ಹಿಂದಿನ ಎರಡು ವಾರ ನಾವು ಯಾರಿಗೂ ಕೊಡುವುದಿಲ್ಲ. ಹೊಸ ಮನೆಯಲ್ಲಿ ಪಟಾಕಿ ಸದ್ದಿಗೆ ಓಡಿದ ನಾಯಿಗೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ.

9. ಕೊಟ್ಟ ಮೇಲೆ

ಮೂರು ದಿನಕ್ಕೆ, ಮೂರು ವಾರಕ್ಕೆ, ಮೂರು ತಿಂಗಳಿಗೆ ಫೋನ್ ಮಾಡಿ. ಮೊದಲ ಮೂರು ದಿನ ನಾಯಿ ಮಂಚದ ಕೆಳಗೆ ಕೂತಿರುತ್ತದೆ, ಊಟ ಮಾಡುವುದಿಲ್ಲ, ಒಳಗೇ ಉಚ್ಚೆ ಮಾಡುತ್ತದೆ. "ಇದು ನಮಗೆ ಹೊಂದಲ್ಲ" ಅನ್ನುವ ಫೋನ್ ಬರುವುದು ಇದೇ ಸಮಯದಲ್ಲಿ. ಕೊಡುವಾಗಲೇ ಇದನ್ನು ಹೇಳಿರಬೇಕು. ಮೂರು ವಾರಕ್ಕೆ ಮನೆಯ ಹೊತ್ತು ಗೊತ್ತು ತಿಳಿಯುತ್ತದೆ, ಮೂರು ತಿಂಗಳಿಗೆ ಮನೆಯದ್ದೇ ಆಗುತ್ತದೆ. ವಾಪಸ್ ತಂದವರನ್ನು ಬೈಯಬೇಡಿ. ಬೈದರೆ ಮುಂದಿನವರು ನಿಮ್ಮಲ್ಲಿಗೆ ತರುವುದಿಲ್ಲ, ಹೆದ್ದಾರಿಯಲ್ಲಿ ಬಿಡುತ್ತಾರೆ. ಯಾಕೆ ಹೊಂದಲಿಲ್ಲ ಕೇಳಿ, ನಾಯಿಯ ಪುಟದಲ್ಲಿ ಬರೆದುಕೊಳ್ಳಿ.

ಕರಿಯ ಅಂತ ನಮ್ಮಲ್ಲಿ ಒಂದು ನಾಯಿ ಇತ್ತು. ಲಾರಿ ತಾಗಿ ಮುಂಗಾಲು ಹೋಗಿತ್ತು. ಕಪ್ಪು ಬಣ್ಣ, ಮೂರು ಕಾಲು, ನಾಲ್ಕು ವರ್ಷ. ಎರಡು ಸಲ ಹೋಗಿ ಎರಡು ಸಲ ವಾಪಸ್ ಬಂದ. ಒಂದು ಮನೆಯಲ್ಲಿ ಮೂರನೇ ಮಹಡಿ ಮೆಟ್ಟಿಲು ಹತ್ತಲಾಗಲಿಲ್ಲ, ಇನ್ನೊಂದು ಮನೆಯಲ್ಲಿ ಬೆಕ್ಕಿತ್ತು. ಎರಡನ್ನೂ ಪುಟದಲ್ಲಿ ಬರೆದೆವು. ಮೂರನೇ ಸಲ ಬಂದವರಿಗೆ ಅದನ್ನೇ ಓದಿ ಹೇಳಿದೆ. ನೆಲದ ಮನೆ, ಬೆಕ್ಕಿಲ್ಲ, ಗಂಡ ಹೆಂಡತಿ ಇಬ್ಬರೂ ರಿಟೈರ್ ಆದವರು. ಮೂರು ತಿಂಗಳ ಫೋನಿಗೆ ಅವರು ಮಾತಾಡುವ ಮುಂಚೆಯೇ ಹಿಂದಿನಿಂದ ಅವನ ಬೊಗಳು ಕೇಳಿಸಿತು. ಪೇಪರ್ ಹಾಕುವ ಹುಡುಗ ಬಂದಿದ್ದನಂತೆ. ಕರಿಯ ಹೋದ ದಿನವೇ ಅವನ ಗೂಡು ತೊಳೆದು, ಬ್ಲೀಚ್ ಹಾಕಿ, ಒಣಗಿಸಿ, ಗೋಡೆ ಮೇಲೆ 49 ಅಂತ ಬರೆದಿದ್ದೆವು. ಕಾಯುವ ಪಟ್ಟಿಯಲ್ಲಿ ಮೊದಲಿದ್ದದ್ದು ಶಿರಾದ ಹತ್ತಿರದ ಒಬ್ಬರು. ಅವರಿಗೆ ಸಂಜೆಯೇ ಫೋನ್ ಮಾಡಿ, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದೆ.